ಕುಡಿಯದ ಎಣ್ಣೆ

ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ, ವರ್ಗಾವಣೆಯ ಮಾತಾಡುತ್ತಾರೆ, ಮೇಲಿನವರನ್ನು ಮನಸಾರೆ ಬೈಯುತ್ತಾರೆ. ನಾನೂ ಜೊತೆಗೂಡುತ್ತೇನೆ. ಆದರೆ ಹೆದರಿಕೆಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ರಕ್ತದ ಹೆದರಿಕೆ, ಹೆಣದ ಹೆದರಿಕೆ ಅಲ್ಲ. ಅವು ಮೊದಲ ವರ್ಷವೇ ಬಿಟ್ಟು ಹೋಗುತ್ತವೆ. ಕಣ್ಣಿಗೆ ಕಾಣದ ಒಂದು ವಸ್ತು ಸದ್ದಿಲ್ಲದೆ ಮನುಷ್ಯನ ಮೈಯೊಳಗೆ ಸೇರಿಕೊಂಡು ಕೂತಿರುವುದು ಗೊತ್ತಾದಾಗ ಬೆನ್ನಲ್ಲಿ ಹುಟ್ಟುವ ಹೆದರಿಕೆ ಇದೆಯಲ್ಲ, ಅದು. ಅದು ನನ್ನನ್ನು ಕಡೆಯವರೆಗೂ ಬಿಡಲಿಲ್ಲ.

ಹುಡುಗಿಯರೇ, ನಿಮ್ಮ ಪುಸ್ತಕದಲ್ಲಿ ಜೀವಕೋಶದ ಪೊರೆಯ ಚಿತ್ರ ಇರುತ್ತದೆ. ಅದರಲ್ಲಿ ಯಾವುದು ಒಳಗೆ ಹೋಗುತ್ತದೆ, ಯಾವುದು ಹೊರಗೇ ನಿಲ್ಲುತ್ತದೆ ಎಂದು ಬಾಣದ ಗುರುತು ಹಾಕಿರುತ್ತಾರೆ. ಪರೀಕ್ಷೆಗೆ ಬರೆದು ಮರೆತುಬಿಡುತ್ತೀರಿ. ನಾನೂ ಹಾಗೇ ಮಾಡಿದ್ದೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕು ಬಿಟ್ಟು ನನ್ನ ನೌಕರಿ ಹೊರಗೆ ಹೋಗಲಿಲ್ಲ. ಆ ಬಾಣದ ಗುರುತುಗಳು ಮಾತ್ರ ಹೋದಲ್ಲೆಲ್ಲ ಎದುರಾದವು. ಆಸ್ಪತ್ರೆಗಳ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರುತ್ತಾರೆ, ಅವರಿಗೂ ಚಹಾ ಮಾಡಬೇಕಾಗುತ್ತದೆ.

ನನಗೆ ಕೆಲಸ ಕಲಿಸಿದವರು ಮಾರ್ತಾ ಸಿಸ್ಟರ್. ಮೂಗಿನ ತುದಿಯಲ್ಲೇ ಕೋಪ. ಸೀರೆಯ ನೆರಿಗೆ ಕೆಟ್ಟಿದ್ದರೆ ಬಾಗಿಲಿಂದಲೇ ವಾಪಸು ಕಳಿಸುತ್ತಿದ್ದರು. ಒಮ್ಮೆ ಸಲೈನ್ ಮುಗಿದಿತ್ತೆಂದು ನನ್ನ ಜೊತೆಯ ಹುಡುಗಿಯೊಬ್ಬಳು ಇಂಜೆಕ್ಷನ್ ಕಲಸುವ ಶುದ್ಧ ನೀರನ್ನೇ ರೋಗಿಯ ರಕ್ತನಾಳಕ್ಕೆ ಏರಿಸಲು ಹೊರಟಳು. ನೀರು ತಾನೇ, ಅದೂ ಶುದ್ಧ ನೀರು, ಆಗುವುದೇನು ಎಂಬುದು ಅವಳ ಅಂದಾಜು. ಮಾರ್ತಾ ಸಿಸ್ಟರ್ ಅವಳ ಕೈ ಹಿಡಿದು ನಿಲ್ಲಿಸಿದರು. ಬೈಯಲಿಲ್ಲ. ಅವರು ಬೈಯದಿದ್ದರೆ ನಮಗೆ ಇನ್ನೂ ಗಾಬರಿ.

ತಮ್ಮ ಬೆರಳಿಗೆ ತಾವೇ ಸೂಜಿ ಚುಚ್ಚಿಕೊಂಡರು. ಎರಡು ಗಾಜಿನ ನಳಿಕೆ ತರಿಸಿ, ಒಂದರಲ್ಲಿ ಉಪ್ಪುನೀರು, ಇನ್ನೊಂದರಲ್ಲಿ ಬರೀ ನೀರು ಹಾಕಿ, ಎರಡಕ್ಕೂ ಒಂದೊಂದು ಹನಿ ರಕ್ತ ಬಿಟ್ಟರು. ಉಪ್ಪುನೀರಿನಲ್ಲಿ ರಕ್ತ ಕೆಂಪು ಮೋಡದಂತೆ ಮಬ್ಬಾಗಿ ನಿಂತಿತು. ಬರೀ ನೀರಿನದು ನೋಡನೋಡುತ್ತಿದ್ದಂತೆ ತಿಳಿಯಾಯಿತು. ಮಬ್ಬೆಲ್ಲ ಹೋಗಿ, ಆಚೆ ಹಿಡಿದ ಅವರ ಬೆರಳು ಸ್ಪಷ್ಟವಾಗಿ ಕಾಣುವ ಕೆಂಪು ಶರಬತ್ತು ಉಳಿಯಿತು.

"ಮೋಡ ಎಲ್ಲಿ ಹೋತು?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ತಾವೇ ಹೇಳಿದರು:

"ಆ ಹನಿಯಾಗ ಕೋಟಿಗಟ್ಟಲೆ ಕಣ ಇದ್ವು. ನೀರು ಒಳಗ ನುಗ್ಗಿತು, ಉಬ್ಬಿ ಉಬ್ಬಿ ಎಲ್ಲಾ ಒಡದ್ವು. ನಿಮ್ಮ ಕಣ್ಣೆದುರಿಗೇ ಆತು. ಯಾರಿಗರೇ ಸಪ್ಪಳ ಕೇಳಿಸ್ತೇನು?"

ಯಾರಿಗೂ ಕೇಳಿಸಿರಲಿಲ್ಲ. ಆ ಹುಡುಗಿ ನಳಿಕೆಯನ್ನೇ ನೋಡುತ್ತ ನಿಂತಿದ್ದಳು. ನಾನು ಆ ಬೇಸಿಗೆ ಪೂರ್ತಿ ಕೆಂಪು ಶರಬತ್ತು ಮುಟ್ಟಲಿಲ್ಲ.

ಮುಂದೆ ಆಳಂದ ತಾಲೂಕಿನಲ್ಲಿದ್ದಾಗ ಮಳೆಗಾಲದ ವಾಂತಿಭೇದಿಯ ದಿನಗಳಲ್ಲಿ, ಖಜೂರಿ ಕಡೆಯಿಂದ ಒಬ್ಬ ಲಾರಿ ಡ್ರೈವರನನ್ನು ಹೊತ್ತು ತಂದರು. ಮಹಾರಾಷ್ಟ್ರದವನು, ಹೆಂಡತಿಯ ತವರಿಗೆ ಬಂದಿದ್ದ. ಕಣ್ಣು ಒಳಗೆ ಹೋಗಿದ್ದವು, ಬೆರಳು ನೀರಲ್ಲಿ ನೆನೆದಂತೆ ಸುಕ್ಕುಗಟ್ಟಿದ್ದವು. ಸಲೈನ್ ಏರಿಸಲು ನರ ಸಿಗಲಿಲ್ಲ. ಆಗಿನ ನಮ್ಮ ದೊಡ್ಡ ಡಾಕ್ಟರಿಗೆ ಉಪ್ಪು ಸಕ್ಕರೆಯ ಪುಡಿಯ ಮೇಲೆ ನಂಬಿಕೆ ಇರಲಿಲ್ಲ. "ಇದರಿಂದ ಜೀವ ಉಳಿದ್ರ ಕಿರಾಣಿ ಅಂಗಡ್ಯಾವರೇ ಡಾಕ್ಟರ್ ಆಗ್ತಿದ್ರು" ಎಂದು ನಗುತ್ತಿದ್ದರು. ಆ ದಿನ ಬೇರೆ ದಾರಿ ಇರಲಿಲ್ಲ. ಅವನು ಇನ್ನೂ ನುಂಗುತ್ತಿದ್ದ. ನಾನು ಆ ಪುಡಿಯನ್ನು ನೀರಿಗೆ ಕಲಸಿ ಚಮಚದಿಂದ ಹಾಕುತ್ತ ಕೂತೆ. ಹೊರಗೆ ಅವನ ಹೆಂಡತಿಯ ಕಡೆಯವರು ಅವನು ಹೋದನೆಂದು ಆಗಲೇ ಊರಿಗೆ ಸುದ್ದಿ ಮುಟ್ಟಿಸಿದ್ದರು.

ಬರೀ ನೀರು ಕುಡಿಸಿದರೆ ಹಾಗೇ ಹೊರಗೆ ಹೋಗುತ್ತಿತ್ತು. ಕರುಳಿನ ಪೊರೆಯ ಬಾಗಿಲಲ್ಲಿ ಉಪ್ಪು ಒಂದೇ ಬಂದು ನಿಂತರೆ ಒಳಗೆ ಬಿಡುವುದಿಲ್ಲ. ಸಕ್ಕರೆ ಕೈ ಹಿಡಿದುಕೊಂಡು ಬಂದರೆ ಇಬ್ಬರನ್ನೂ ಬಿಡುತ್ತದೆ. ಅವರ ಬೆನ್ನ ಹಿಂದೆ ನೀರು ಹೋಗುತ್ತದೆ. ಇಷ್ಟೇ ಗುಟ್ಟು. ಬಿಸಿಲು ಇಳಿಯುವ ಹೊತ್ತಿಗೆ ಅವನು ಕಣ್ಣು ತೆರೆದು ಮರಾಠಿಯಲ್ಲಿ ನೀರು ಕೇಳಿದ. ಹೆಂಡತಿ ಬಾಗಿಲಿನಿಂದ ಒಳಗೆ ಬರಲಿಲ್ಲ. ದನಿ ಬೇರೆಯಾಗಿದೆ, ನನ್ನ ಗಂಡ ಹೋದ, ಅವನ ಮೈಯಲ್ಲಿ ಇನ್ಯಾರೋ ಬಂದು ಕೂತಿದ್ದಾರೆ ಎಂದು ಗೋಡೆಗೆ ಒತ್ತಿಕೊಂಡು ನಿಂತಳು. ಅವನು ಎದ್ದು ಕೂತು ಅವಳನ್ನು ಹೆಸರು ಹಿಡಿದು ಕರೆದ. ಅವಳು ಆಗಲೂ ಬರಲಿಲ್ಲ. ಮಾರನೆಯ ದಿನ ದೊಡ್ಡ ಡಾಕ್ಟರು ಆ ಪುಡಿಯ ಪೆಟ್ಟಿಗೆ ಎಲ್ಲಿದೆ ಎಂದು ನನ್ನನ್ನು ಕೇಳಿದರು.

ಇವು ಬಾಗಿಲಿನಿಂದ ಹೋದವುಗಳ ಕಥೆ. ಬಾಗಿಲೇ ಬೇಡದವು ಬೇರೆ ಇವೆ. ಅವುಗಳಲ್ಲಿ ಒಂದನ್ನು ನಾನು ನೌಕರಿಯ ಕೊನೆಯ ವರ್ಷಗಳಲ್ಲಿ ನೋಡಿದೆ.

ನಮ್ಮ ಕಡೆ ಹತ್ತಿಗೆ, ತೊಗರಿಗೆ ಹೊಡೆಯುವ ಕೀಟನಾಶಕಕ್ಕೆ ಯಾರೂ ಕೀಟನಾಶಕ ಅನ್ನುವುದಿಲ್ಲ. ಎಣ್ಣಿ ಅನ್ನುತ್ತಾರೆ. ಎಣ್ಣಿ ಹೊಡೆಯುವುದು ಎಂದರೆ ಹೊಲಕ್ಕೆ ಸಿಂಪಡಿಸುವುದು. ಎಣ್ಣಿ ಕುಡಿದಳು ಎಂದರೆ ಜೀವ ಕಳೆದುಕೊಳ್ಳಲು ಹೊರಟಳು ಎಂದೇ ಅರ್ಥ. ಯಾರೂ ಬಿಡಿಸಿ ಕೇಳುವುದಿಲ್ಲ. ಅಂಥ ರೋಗಿಗಳನ್ನು ನೋಡಿ ನೋಡಿ ನಮಗೆ ಗುರುತು ಗಟ್ಟಿಯಾಗಿತ್ತು. ಬಾಯಲ್ಲಿ ನೊರೆ, ಮೈತುಂಬ ಬೆವರು, ಕಣ್ಣಲ್ಲಿ ನೀರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದು. ಅಟ್ರೋಪಿನ್ ಎಂಬ ಇಂಜೆಕ್ಷನ್ ಕೊಡುತ್ತಿದ್ದೆವು. ಕೊಟ್ಟರೆ ನೊರೆ ಒಣಗುತ್ತದೆ, ಪಾಪೆ ಅಗಲವಾಗುತ್ತದೆ, ಉಸಿರು ಸಲೀಸಾಗುತ್ತದೆ.

ಹತ್ತಿಗೆ ಎಣ್ಣಿ ಹೊಡೆಯುವ ಕಾಲದಲ್ಲಿ ಪೂಜಾ ಎಂಬ ಹುಡುಗಿಯನ್ನು ತಂದರು. ಪ್ರಾಥಮಿಕ ಶಾಲೆಯ ಹುಡುಗಿ, ಎರಡು ಉದ್ದ ಜಡೆ. ಜೊತೆಗೆ ತಾಯಿ ಮಹಾದೇವಿ, ಅಜ್ಜಿ ಗುಂಡಮ್ಮ. ಗುಂಡಮ್ಮ ಮಹಾದೇವಿಯ ಅತ್ತೆ. ಅಪ್ಪ ದುಡಿಯಲು ಪುಣೆಗೆ ಹೋಗಿದ್ದ. ಎಲ್ಲ ಗುರುತೂ ಎಣ್ಣಿಯದೇ. ಬೀದರ್ ಕಡೆಯ ಹುಡುಗ ಡಾಕ್ಟರೊಬ್ಬರು ಆಗ ನಮ್ಮಲ್ಲಿದ್ದರು, ಚುರುಕು ಮನುಷ್ಯ. ಬಂದವರೇ ಕೇಳಿದರು, "ಎಣ್ಣಿ ಕುಡದಾಳೇನು?"

"ಇಲ್ರಿ ಸಾಹೇಬ್ರ" ಎಂದಳು ಮಹಾದೇವಿ. "ಸಣ್ಣ ಹುಡುಗಿ, ಆಕಿಗೇನು ತ್ರಾಸ ಅದ ಎಣ್ಣಿ ಕುಡಿಯಾಕ?"

"ಹೊಲಕ್ಕ ಹೋಗಿದ್ದಳೇನು?"

"ಇಲ್ರಿ, ಮನ್ಯಾಗೇ ಇದ್ದಳು."

ಹೊಟ್ಟೆ ತೊಳೆದೆವು. ರೊಟ್ಟಿಯ ಚೂರು ಬಿಟ್ಟು ಏನೂ ಬರಲಿಲ್ಲ. ನಾನು ಮಹಾದೇವಿಯನ್ನು ಪಕ್ಕಕ್ಕೆ ಕರೆದು, "ಮುಂಜಾನಿಂದ ಏನೇನು ಆಗ್ಯದ, ಒಂದೂ ಬಿಡದಾಂಗ ಹೇಳು ತಂಗಿ" ಎಂದೆ.

"ಏನ್ ಆಗ್ತದ್ರಿ ಅಕ್ಕಾರ. ಸಾಲಿ ಸೂಟಿ ಇತ್ತು. ತೆಲಿಗಿ ಎಣ್ಣಿ ಹಚ್ಚಿ ಹೆರಳ ಹಾಕೇನಿ. ರೊಟ್ಟಿ ತಿಂದಳು. ಆಡಾಕ ಹೋದಾಕಿ ಬಂದು ಒರಗಿದಳು."

ಬಟ್ಟೆ ಬದಲಿಸಿದೆವು, ಮೈ ಒರೆಸಿದೆವು, ಅಟ್ರೋಪಿನ್ ಕೊಟ್ಟೆವು. ಹುಡುಗಿ ಚೇತರಿಸಿಕೊಂಡಳು. ಎಲ್ಲರೂ ನಿಟ್ಟುಸಿರು ಬಿಟ್ಟೆವು. ಔಷಧದ ಅಳತೆ ಇಳಿಸುತ್ತ ಬಂದಂತೆ ಮತ್ತೆ ಮುಳುಗಿದಳು. ಮತ್ತೆ ಕೊಟ್ಟೆವು, ಎದ್ದಳು. ಮತ್ತೆ ಇಳಿಸಿದೆವು, ಮತ್ತೆ ಅದೇ ನೊರೆ, ಅದೇ ಸೂಜಿಮೊನೆಯ ಕಣ್ಣು. ಕುಡಿದ ವಿಷವಾದರೆ ಇಳಿಮುಖವಾಗಬೇಕು. ಇದು ಪ್ರತಿ ಸಲ ಹೊಸದಾಗಿ ಬರುತ್ತಿತ್ತು. ಹಾಸಿಗೆಯ ಬಳಿ ನಮ್ಮಲ್ಲಿ ಯಾರಾದರೊಬ್ಬರು ಯಾವಾಗಲೂ ಇದ್ದರು. ನಮ್ಮ ಕಣ್ಣೆದುರಿಗೇ ಯಾರೋ ಬಂದು ಅವಳಿಗೆ ವಿಷ ಉಣಿಸಿ ಹೋಗುತ್ತಿದ್ದಂತಿತ್ತು.

ಗುಂಡಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದಳು, "ಗಾಳಿ ಬಡದದ್ರಿ. ಸೂಜಿ ಮಾಡಿದಾಗ ಹೊರಗ ಹೋಗ್ತದ. ಸೂಜಿ ಕುವ್ವತ್ ಇಳೀತು ಅಂದ್ರ ಮತ್ತ ಬರ್ತದ. ಇಲ್ಲೇ ನಿಂತದ ಅದು, ದೂರ ಹೋಗಿಲ್ಲ."

ನನಗೆ ಸಿಟ್ಟು ಬಂತು, ಸುಮ್ಮನಿರಲು ಹೇಳಿದೆ. ಈಗ ಯೋಚಿಸಿದರೆ ಆಕೆ ಹೇಳಿದ್ದರಲ್ಲಿ ಗಾಳಿ ಎಂಬ ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಸರಿಯಾಗಿತ್ತು. ಅದು ಅಲ್ಲೇ ಇತ್ತು.

ಅಟ್ರೋಪಿನ್ ಹೆಚ್ಚಾದರೆ ರೋಗಿ ಇಲ್ಲದ್ದನ್ನು ಕಾಣುತ್ತಾನೆ, ಗಾಳಿಯಲ್ಲಿ ಕೈಯಾಡಿಸುತ್ತಾನೆ. ಅದು ನಮಗೆ ಹೊಸದಲ್ಲ. ಆದರೆ ಪೂಜಾ ಮಾಡುತ್ತಿದ್ದದ್ದು ಬೇರೆ. ಎರಡು ಬೆರಳಿಂದ ಚಾದರದ ಮೇಲಿನದೇನನ್ನೋ ಹೆಕ್ಕುವಳು, ಎಡಗೈಯ ಹೆಬ್ಬೆರಳಿನ ಉಗುರಿನ ಮೇಲಿಟ್ಟು ಬಲಗೈ ಉಗುರಿನಿಂದ ಒತ್ತುವಳು. ಒತ್ತಿದಾಗ ಬಾಯಲ್ಲಿ ಸಣ್ಣಗೆ ಸದ್ದು ಮಾಡುವಳು. ಮತ್ತೆ ಹೆಕ್ಕುವಳು. ಕಣ್ಣು ಮಾತ್ರ ಮೂಲೆಯಲ್ಲಿ ನೆಟ್ಟಿರುತ್ತಿತ್ತು. ಆಯಾ ಖಾಜಾಬೀ ಕಸಬರಿಗೆ ಹಿಡಿದವಳು ಅಲ್ಲೇ ನಿಂತುಬಿಟ್ಟಳು.

"ಸಿಸ್ಟರಮ್ಮಾ, ಈ ಪೋರಿ ಏನ್ ಹಿಡಿಯಾಕತ್ತಾಳ? ಅಲ್ಲೇನೂ ಇಲ್ಲಲ್ಲ."

"ಔಷಧದ ಅಮಲು" ಎಂದೆ. ಖಾಜಾಬೀ ಮಾತ್ರ ಆ ಹಾಸಿಗೆಯ ಕೆಳಗೆ ಅಂದು ಕಸ ಹೊಡೆಯಲಿಲ್ಲ.

ಮಹಾದೇವಿ ಮಗಳ ಕಾಲ ಬಳಿ ತಲೆತುಂಬ ಸೆರಗು ಹೊದ್ದು ಕೂತಿದ್ದಳು. ಕಣ್ಣಿಂದ ನೀರು ಸುರಿಯುತ್ತಲೇ ಇತ್ತು. ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ನಾವು ಹೆಗಲು ತಟ್ಟಿ ಸಮಾಧಾನ ಹೇಳಿ ಮುಂದೆ ಹೋಗುತ್ತಿದ್ದೆವು.

ಮರುದಿನದ ಸುಡು ಮಧ್ಯಾಹ್ನ. ಹುಡುಗಿಯ ಜಡೆಗೆ ವಾಂತಿ ಮೆತ್ತಿಕೊಂಡಿತ್ತು. ನೋಡಲಾರದೆ ನಾನು ಹಾಸಿಗೆಯ ತಲೆಯ ಕಡೆ ಕೂತು ಎರಡೂ ಜಡೆ ಬಿಚ್ಚಿದೆ. ಕೂದಲು ಜಿಡ್ಡಾಗಿತ್ತು. ಬೆರಳಿನಿಂದಲೇ ಸಿಕ್ಕು ಬಿಡಿಸುತ್ತ, ಒದ್ದೆ ಅರಿವೆಯಿಂದ ಒರೆಸುತ್ತ ಹೋದೆ. ಸೆಕೆಗೆ ಹಣೆಯ ಬೆವರು ಕಣ್ಣಿಗಿಳಿಯಿತು, ಅದೇ ಕೈಯಿಂದ ಕಣ್ಣುಜ್ಜಿಕೊಂಡೆ. ಒಂದು ವಿಚಿತ್ರ ವಾಸನೆ ಬಂತು. ಆ ದಿನಗಳಲ್ಲಿ ಬಂದ ಪ್ರತಿಯೊಬ್ಬರ ಬಟ್ಟೆಯಲ್ಲೂ ಹತ್ತಿ ಹೊಲದ ವಾಸನೆ ಇರುತ್ತಿತ್ತು, ಮೇಲೆ ಫಿನಾಯಿಲ್ ಬೇರೆ. ನನಗೆ ಅದು ಬೇರೆಯದೆಂದು ಅನಿಸಲಿಲ್ಲ.

ಸ್ವಲ್ಪ ಹೊತ್ತಿಗೆ ವಾರ್ಡಿನಲ್ಲಿ ಬೆಳಕು ಕಡಿಮೆಯಾಯಿತು.

"ಖಾಜಾಬೀ, ಕಿಟಕಿ ಯಾಕ ಮುಚ್ಚಿದಿ?"

"ಮುಚ್ಚಿಲ್ರಿ. ಪೂರಾ ತೆಗದದ."

ಎದ್ದು ಕಿಟಕಿಗೆ ಹೋದೆ. ತೆರೆದೇ ಇತ್ತು. ಹೊರಗೆ ಬೇವಿನ ಮರ, ನೀರಿನ ನಳ, ನಿಂತ ಟಂಟಂ ಗಾಡಿ ಎಲ್ಲ ಇದ್ದವು. ಎಲ್ಲದರ ಮೇಲೂ ಮುಸ್ಸಂಜೆ. ಜನ ಬಿಸಿಲಿಗೆ ತಲೆಯ ಮೇಲೆ ಟವೆಲು ಹಾಕಿಕೊಂಡು ಓಡಾಡುತ್ತಿದ್ದರು, ಅವರ ನೆರಳು ಕಾಲಬುಡದಲ್ಲೇ ಇತ್ತು. ಆ ಮುಸ್ಸಂಜೆ ನನಗೊಬ್ಬಳಿಗೆ ಮಾತ್ರ ಆಗಿತ್ತು. ಹುಬ್ಬಿನ ನಡುವೆ ಸಿಡಿಯತೊಡಗಿತು. ಬಾಯಲ್ಲಿ ನೀರು ತುಂಬಿತು.

ಹಿಂದೆ ಬಾಗಿಲಲ್ಲಿ ಗುಂಡಮ್ಮನ ದನಿ ಕೇಳಿತು. ಮೆಲ್ಲಗೆ, ಕನಿಕರದಿಂದಲೇ ಅಂದಳು, "ಸಿಸ್ಟರ್‌ಗೂ ಬಡೀತು."

ಹುಡುಗಿಯರೇ, ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ನಮ್ಮ ಮನೆಯಲ್ಲಿ ಗಾಳಿ ದೆವ್ವ ನಂಬುವವರು ಯಾರೂ ಇರಲಿಲ್ಲ. ಅಪ್ಪ ಬುದ್ಧನ ಫೋಟೋ ಒಂದನ್ನೇ ಗೋಡೆಗೆ ಹಾಕಿದ್ದ. ಆದರೆ ಆ ಒಂದು ಗಳಿಗೆ ನಾನು ನಂಬಿದೆ. ಹುಡುಗಿಯ ಮೈಯಿಂದ ಅದು ನನ್ನ ಕೈ ಹಿಡಿದು ಬಂದಿದೆ ಎಂದು ಪೂರಾ ನಂಬಿದೆ.

ಡಾಕ್ಟರು ಬಂದು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಕಣ್ಣಿಗೆ ಟಾರ್ಚು ಹಿಡಿದರು. ನನ್ನ ಪಾಪೆಗಳು ಸೂಜಿಮೊನೆಯಷ್ಟಾಗಿದ್ದವು. ಬೆಳಕು ಒಳಗೆ ಬರುವ ಕಿಂಡಿಯೇ ಮುಚ್ಚಿಕೊಂಡರೆ ಮಧ್ಯಾಹ್ನ ಮುಸ್ಸಂಜೆಯಾಗದೆ ಏನಾದೀತು.

"ಸಿಸ್ಟರ್, ಏನು ಮುಟ್ಟೀರಿ?"

"ಪೂಜಾನ ತೆಲಿ" ಎಂದೆ.

ಅವರು ನನ್ನ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದರು, ದೂರ ಸರಿಸಿದರು. ಆಮೇಲೆ ಮಹಾದೇವಿಯ ಕಡೆ ತಿರುಗಿ, "ಯಾವ ಎಣ್ಣಿ ಹಚ್ಚೀಯವ್ವಾ?" ಎಂದು ಕೇಳಿದರು.

"ಹತ್ತಿಗಿ ಹೊಡಿತಾರಲ್ರಿ, ಅದು. ಕೊಬ್ಬರಿ ಎಣ್ಣ್ಯಾಗ ಕಲಿಸಿ ಹಚ್ಚೇನಿ. ತೆಲಿ ತುಂಬ ಹೇನ ಆಗಿದ್ವು, ಪೋರಿ ಕೆರಕೊಂಡು ಕೆರಕೊಂಡು ಗಾಯ ಮಾಡ್ಕೊಂಡಿದ್ದಳು."

"ಮೊದ್ಲೇ ಯಾಕ ಹೇಳಲಿಲ್ಲ?"

ಅವಳು ನನ್ನ ಕಡೆ ನೋಡಿದಳು. "ಹೇಳೇನಲ್ರಿ. ಅಕ್ಕಾರ ಕೇಳಿದಾಗೇ ಹೇಳೇನಿ, ಎಣ್ಣಿ ಹಚ್ಚೇನಿ ಅಂತ."

ಹೇಳಿದ್ದಳು. ನಾನೇ ಕಿವಿಯಾರೆ ಕೇಳಿದ್ದೆ. ತಲೆಗೆ ಎಣ್ಣೆ ಹಚ್ಚಿದೆ ಎಂದು ತಾಯಿ ಹೇಳಿದರೆ ಯಾವ ಎಣ್ಣೆ ಎಂದು ಈ ಲೋಕದಲ್ಲಿ ಯಾರು ಕೇಳುತ್ತಾರೆ? ಹುಡುಗಿ ಚಾದರದಿಂದ ಹೆಕ್ಕಿ ಉಗುರಲ್ಲಿ ಕುಕ್ಕುತ್ತಿದ್ದದ್ದು ಹೇನು ಎಂದು ಆಗ ಹೊಳೆಯಿತು.

ನಮ್ಮ ಜೀವಕೋಶಗಳ ಪೊರೆ ಮಾಡಿರುವುದೇ ಕೊಬ್ಬಿನಿಂದ. ಉಪ್ಪಿಗೆ, ಸಕ್ಕರೆಗೆ ಅಲ್ಲಿ ಬಾಗಿಲು ಬೇಕು. ಎಣ್ಣೆಯಲ್ಲಿ ಕರಗುವಂಥದ್ದಕ್ಕೆ ಬಾಗಿಲೂ ಬೇಡ, ಕೇಳುವುದೂ ಬೇಡ. ಪೊರೆ ತನ್ನದೇ ಪೈಕಿ ಎಂದು ತಿಳಿದು ಬಿಟ್ಟುಕೊಡುತ್ತದೆ. ಕೆರೆದು ಗಾಯವಾದ ತಲೆಯಾದರಂತೂ ಅಡ್ಡಿಯೇ ಇಲ್ಲ. ನಾವು ಹೊಟ್ಟೆ ತೊಳೆದಿದ್ದೆವು, ಮೈ ಒರೆಸಿದ್ದೆವು. ಎರಡು ಜಡೆಗಳು ದಿಂಬಿನ ಮೇಲೆ ಬಿದ್ದುಕೊಂಡು ಅವಳಿಗೆ ವಿಷ ಉಣಿಸುತ್ತಲೇ ಇದ್ದವು.

ಮುಂದಿನದು ನಾನು ಪಕ್ಕದ ಹಾಸಿಗೆಯಲ್ಲಿ ಮಲಗಿ ನೋಡಿದ್ದು. ನನಗೂ ಇಂಜೆಕ್ಷನ್ ಕೊಟ್ಟಿದ್ದರು, ಕೈ ಕಣ್ಣು ತೊಳೆಸಿದ್ದರು. ಈಗ ಪಾಪೆ ಅಗಲವಾಗಿ ಕಿಟಕಿಯ ಬೆಳಕು ಚುಚ್ಚುತ್ತಿತ್ತು, ಹತ್ತಿರದ್ದೆಲ್ಲ ಕಲಸಿಹೋಗಿತ್ತು. ಖಾಜಾಬೀ ಕೈಗವಸು ಹಾಕಿಕೊಂಡು ಹುಡುಗಿಯ ಕೂದಲು ಕತ್ತರಿಸಿ ಬೋಳಿಸಿದಳು, ಸಾಬೂನು ಹಚ್ಚಿ ಹಚ್ಚಿ ತಲೆ ತೊಳೆದಳು. ಕೈ ತೊಳೆದುಕೊಂಡು ಬಾ ಎಂದು ಮಹಾದೇವಿಯನ್ನು ನಳಕ್ಕೆ ಕಳಿಸಿದರು. ಅವಳು ಹೋಗುತ್ತ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ನನಗೆ ಮುಖ ಕಾಣಲಿಲ್ಲ, ಸೆರಗಿನ ಹಸಿರು ಮಾತ್ರ ಕಂಡಿತು. ಇನ್ನೊಮ್ಮೆ ನೋಡಿದಾಗ ಬಾಗಿಲು ಖಾಲಿ.

ಹುಡುಗಿಯ ಉಸಿರು ಸರಿಯಾಯಿತು. ಔಷಧ ಇಳಿಸಿದರೂ ಈ ಸಲ ಅವಳು ಮುಳುಗಲಿಲ್ಲ. ಗುಂಡಮ್ಮ ಸೊಸೆಗೆ ಸುದ್ದಿ ಹೇಳಲು ಹೋದವಳು ಕೂಗಿಕೊಂಡಳು.

ಮಹಾದೇವಿ ನಳದ ಕಟ್ಟೆಗೆ ಒರಗಿ ಕೂತಿದ್ದಳಂತೆ. ನೀರು ಹರಿಯುತ್ತಿತ್ತು. ಬಾಯಿಂದ ಜೊಲ್ಲು ಎದೆಯ ಮೇಲೆ ಇಳಿದಿತ್ತು, ಕಣ್ಣಿಂದ ನೀರು ಸುರಿಯುತ್ತಲೇ ಇತ್ತು. ಎತ್ತಿ ತಂದು ಸೆರಗು ಸರಿಸಿದಾಗ ಅವಳ ತುರುಬೂ ಅದೇ ಜಿಡ್ಡಿನಲ್ಲಿ ಹೊಳೆಯುತ್ತಿತ್ತು. ಉಳಿದದ್ದನ್ನು ತಾನೂ ಹಚ್ಚಿಕೊಂಡಿದ್ದಳು. ಅವಳ ಕಣ್ಣೀರಿನಲ್ಲಿ ಎಷ್ಟು ದುಃಖದ್ದು, ಎಷ್ಟು ಎಣ್ಣಿಯದು ಎಂದು ಈಗಲೂ ನನಗೆ ಗೊತ್ತಿಲ್ಲ. ಇದ್ದ ಚಿಕಿತ್ಸೆ ಮಾಡಿ ಕಲಬುರಗಿಗೆ ಅಂಬುಲೆನ್ಸ್ ಹತ್ತಿಸಿದರು. ಅವಳು ಅಲ್ಲಿಗೆ ಮುಟ್ಟಲಿಲ್ಲ.

ಅವಳ ಹೊಟ್ಟೆಯಲ್ಲಿ ಎಣ್ಣಿ ಇರಲಿಲ್ಲ ಎಂದು ಶವಪರೀಕ್ಷೆ ಆದ ಮೇಲೆ ಡಾಕ್ಟರು ಹೇಳಿದರು. ಊರು ಅಷ್ಟರಲ್ಲಿ ತನ್ನ ತೀರ್ಮಾನ ಮಾಡಿ ಮುಗಿಸಿತ್ತು. ಮಗಳಿಗೆ ಎಣ್ಣಿ ಹಚ್ಚಿದ್ದು ಬಯಲಾಯಿತು, ಅಂಜಿ ತಾನೂ ಎಣ್ಣಿ ಕುಡಿದಳು ಎಂದು. ಪೂಜಾ ಇನ್ನೂ ವಾರ್ಡಿನಲ್ಲಿದ್ದಾಗಲೇ ನೋಡಲು ಬಂದ ಮಕ್ಕಳು ಅವಳ ಕಿವಿಗೆ ಇದನ್ನು ಹಾಕಿದರು.

ನಾನು ಅವಳಿಗೆ ಗಂಜಿ ಕುಡಿಸುತ್ತಿದ್ದೆ. ಬೋಳಿಸಿದ ತಲೆಯ ಮೇಲೆ ಕೈಯಾಡಿಸಿಕೊಳ್ಳುತ್ತ ಕೇಳಿದಳು, "ಸಿಸ್ಟರ್ರಿ, ಹೇನ ತಗಿಯಾಗ ನಾ ಭಾಳ ಹಟ ಮಾಡೇನಿ. ಅದರ ಸಿಟ್ಟಿಗಿ ಅವ್ವ ಎಣ್ಣಿ ಕುಡದಳೇನ್ರಿ?"

ಇಲ್ಲ ಎಂದೆ. ಅವಳು ನಂಬಲಿಲ್ಲ. ದೊಡ್ಡವರು ಮಕ್ಕಳಿಗೆ ಇಲ್ಲ ಎಂದೇ ಹೇಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಈ ಮಾತನ್ನು ಹೊತ್ತುಕೊಂಡು ಇವಳು ಶಾಲೆಗೆ ಹೋಗಬೇಕು, ದೊಡ್ಡವಳಾಗಬೇಕು, ಇವಳ ಮದುವೆಯ ಮಾತು ಬಂದಾಗಲೂ ಇದೇ ಮಾತು ಮುಂದೆ ಬರುತ್ತದೆ ಅನಿಸಿ ನನಗೆ ಸಂಕಟವಾಯಿತು. ಮಹಾದೇವಿಯನ್ನು ಉಳಿಸಿಕೊಳ್ಳಲು ನಮ್ಮಿಂದ ಆಗಿರಲಿಲ್ಲ. ಅವಳ ಮೇಲಿನ ಈ ಮಾತನ್ನಾದರೂ ಅಳಿಸಬೇಕಿತ್ತು.

ನನ್ನ ಕಣ್ಣು ಸರಿಯಾದ ಮೇಲೆ, ಒಂದು ರಜೆಯ ದಿನ ಅವರ ಊರಿಗೆ ಬಸ್ಸು ಹತ್ತಿದೆ. ಅಂಗಳದಲ್ಲಿ ಗುಂಡಮ್ಮ ನೆರೆಯ ಹೆಂಗಸರ ಜೊತೆ ತೊಗರಿ ಹಸನು ಮಾಡುತ್ತಿದ್ದಳು. ಪೂಜಾ ಕಂಬಕ್ಕೆ ಒರಗಿ ಕೂತಿದ್ದಳು, ತಲೆಯ ಮೇಲೆ ಕೂದಲು ಚಿಗುರುತ್ತಿತ್ತು. ನೀರು ಕೊಟ್ಟರು, ಚಹಾ ಆಯಿತು. ನಾನು ಪೂಜಾ ಅಜ್ಜಿಯನ್ನು ಕರೆಯುವಂತೆಯೇ ಆಯಿ ಎಂದು ಕರೆದು, ಸುತ್ತು ಬಳಸದೆ ಹೇಳಿದೆ, "ಆಯಿ, ಮಹಾದೇವಿ ಎಣ್ಣಿ ಕುಡದಿಲ್ಲ. ತೆಲಿಯಿಂದ ಒಳಗ ಹೋಗ್ಯದ."

"ನೀವು ಒಳ್ಳೇವ್ರು, ಹಂಗ ಅಂತೀರಿ" ಎಂದಳು ಗುಂಡಮ್ಮ. "ಬಾಯಿಂದ ತಿನ್ನಲಾರದ್ದು ಹೊಟ್ಟ್ಯಾಗ ಹೆಂಗ ಹೋಗ್ತದ್ರಿ? ಚರ್ಮಕ್ಕೇನು ಬಾಯಿ ಅದ ಏನು?" ಹೆಂಗಸರು ತಲೆಯಾಡಿಸಿದರು.

ನಾನು ಪೊರೆ, ಜೀವಕೋಶ ಎಂದು ಶುರುಮಾಡಿ ಅರ್ಧಕ್ಕೇ ಬಿಟ್ಟೆ. ನಮ್ಮ ಮನೆಯಲ್ಲಿ ಕೂಸಿಗೆ ನೆಗಡಿಯಾದರೆ ಅವ್ವ ಬೆಳ್ಳುಳ್ಳಿ ಜಜ್ಜಿ ಅಂಗಾಲಿಗೆ ಕಟ್ಟುತ್ತಿದ್ದಳು. ಆಮೇಲೆ ಕೂಸಿನ ಉಸಿರು ಬೆಳ್ಳುಳ್ಳಿ ನಾತ ಹೊಡೆಯುತ್ತಿತ್ತು. ಅದು ನೆನಪಾಯಿತು. ಒಂದು ಗಡ್ಡೆ ಬೆಳ್ಳುಳ್ಳಿ ಕೇಳಿದೆ. ಪಕ್ಕದ ಮನೆಯ ಕಲ್ಲಿನ ಮೇಲೆ ಜಜ್ಜಿ ತಂದು ಗುಂಡಮ್ಮನ ಅಂಗಾಲಿನ ನಡುವಿನ ಮೆತ್ತನೆ ಜಾಗಕ್ಕೆ ಹಚ್ಚಿ, ವಾಸನೆ ಮೂಗಿಗೆ ಬಾರದಂತೆ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿ, ಅರಿವೆಯಿಂದ ಬಿಗಿಯಾಗಿ ಕಟ್ಟಿದೆ.

"ಏನು ಮಾಡಾಕತ್ತೀರಿ?" ಎಂದು ನಕ್ಕಳು.

"ಸುಮ್ ಕೂಡ್ರಿ. ಏನೂ ತಿನಬ್ಯಾಡ್ರಿ, ಕುಡಿಬ್ಯಾಡ್ರಿ."

ಹೆಂಗಸರು ತೊಗರಿ ಆರಿಸುತ್ತ ಮಾತಾಡಿದರು. ಮಳೆಯ ಮಾತು, ಯಾರದೋ ಸೊಸೆಯ ಬಾಣಂತನದ ಮಾತು. ನೆರಳು ಅಂಗಳದ ಅರ್ಧಕ್ಕೆ ಬಂತು. ಗುಂಡಮ್ಮ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟಳು. ನಾಲಿಗೆಯನ್ನು ಒಸಡಿನ ಮೇಲೆ ಆಡಿಸಿದಳು. ಬೆರಳು ಬಾಯಿಗೆ ಹಾಕಿ ತೆಗೆದು ಮೂಸಿದಳು.

"ಬಳ್ಳೊಳ್ಳಿ" ಎಂದಳು. "ಬಾಯಾಗ ಬಳ್ಳೊಳ್ಳಿ ಬಂತು."

ಪಕ್ಕದಲ್ಲಿದ್ದ ಹೆಂಗಸು ತೊಗರಿಯ ಮೊರ ಎತ್ತಿಕೊಂಡು ಹಿಂದೆ ಸರಿದಳು. ಇನ್ನೊಬ್ಬಳು ತನ್ನ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಗುಂಡಮ್ಮ ಕಟ್ಟಿದ ಪಾದವನ್ನೇ ನೋಡುತ್ತ ಕೂತಳು, ಅದು ತನ್ನದಲ್ಲ ಎಂಬಂತೆ.

"ಹಂಗಾದ್ರ ಮಹಾದೇವಿ ಕುಡದಿಲ್ಲ."

"ಇಲ್ಲ ಆಯಿ."

ನಾನು ಬಂದ ಕೆಲಸ ಮುಗಿಯಿತೆಂದು ಖುಷಿಪಟ್ಟೆ. ಆದರೆ ಆಕೆಯ ಕೈಯಲ್ಲಿದ್ದ ತೊಗರಿಯ ಕಾಳು ಬೆರಳ ಸಂದಿಯಿಂದ ಉದುರಿದವು.

"ಎಣ್ಣಿ ಡಬ್ಬಿ ತಗದು ಬಟ್ಟಲದಾಗ ಹಾಕಿ ಕೊಟ್ಟಾಕಿ ನಾನು" ಎಂದಳು. "ನಮ್ಮತ್ತಿ ನನಗ ಹಚ್ಚಿದ್ದಳು, ನಾ ನನ್ನ ಮಕ್ಕಳಿಗಿ ಹಚ್ಚೇನಿ. ಮಹಾದೇವಿ ಒಲ್ಲೆ ಅಂದಳು. ಉಳದದ್ದು ಚೆಲ್ಲಬ್ಯಾಡ, ನೀನೂ ಹಚ್ಚಿಕೋ ಅಂತ ಅಂದಾಕಿನೂ ನಾನೇ."

ಸೊಸೆ ಎಣ್ಣಿ ಕುಡಿದಳು ಎಂಬ ಮಾತಿನ ಮರೆಯಲ್ಲಿ ಈ ಮುದುಕಿ ಉಸಿರಾಡಿಕೊಂಡಿದ್ದಳು. ಅದನ್ನು ನಾನು ಬಂದು ಕಿತ್ತಿದ್ದೆ. ಆಕೆ ಈಗಲೂ ತಲೆಯಾಡಿಸಿ, ಇದೆಲ್ಲ ಸುಳ್ಳು ಅಂದಿದ್ದರೆ ಅಂಗಳದ ಹೆಂಗಸರೆಲ್ಲ ಆಕೆಯ ಕಡೆಯೇ ನಿಲ್ಲುತ್ತಿದ್ದರು.

ಗುಂಡಮ್ಮ ಮೊಮ್ಮಗಳನ್ನು ಹತ್ತಿರ ಕರೆದು ಎದುರಿಗೆ ನಿಲ್ಲಿಸಿಕೊಂಡಳು.

"ಪೂಜಾ, ಸಾಲ್ಯಾಗ ಯಾರರೇ ನಿಮ್ಮವ್ವ ಎಣ್ಣಿ ಕುಡದಳು ಅಂದ್ರ, ಇಲ್ಲ ಅನ್ನು. ಆಯಿ ಕೊಟ್ಟಳು, ಅವ್ವ ಹಚ್ಚಿಕೊಂಡಳು ಅನ್ನು. ಏನಂತಿ?"

"ಆಯಿ ಕೊಟ್ಟಳು, ಅವ್ವ ಹಚ್ಚಿಕೊಂಡಳು" ಎಂದಿತು ಹುಡುಗಿ, ಪಾಠ ಒಪ್ಪಿಸುವ ದನಿಯಲ್ಲಿ.

"ಇನ್ನೊಮ್ಮಿ ಅನ್ನು" ಎಂದಳು ಗುಂಡಮ್ಮ. "ಜೋರ ಅನ್ನು. ಇವರಿಗೆಲ್ಲಾ ಕೇಳ್ಲಿ."